ಮುಂದಿನವರು ಬಂದ ಮೇಲೆ

ಅಕ್ಕ ಮೆಟ್ಟಿಲು ಇಳಿಯುತ್ತಿದ್ದುದು ಹಿಮ್ಮುಖವಾಗಿ. ಮುಖವನ್ನು ಮೆಟ್ಟಿಲ ಕಡೆಗೇ ಇಟ್ಟು, ಎರಡೂ ಕೈಯಲ್ಲಿ ಕಂಬಿ ಹಿಡಿದು, ಒಂದೊಂದೇ ಕಾಲನ್ನು ಹಿಂದಕ್ಕೆ ಬಿಟ್ಟು ತಡವುತ್ತಾ ಇಳಿಯುತ್ತಿದ್ದರು. ಮೂರು ಮಹಡಿ, ಲಿಫ್ಟ್ ಇಲ್ಲ. ಗಾರ್ಮೆಂಟ್ಸ್‌ನಲ್ಲಿ ಇಪ್ಪತ್ತೆರಡು ವರ್ಷ ನಿಂತೇ ಬಟ್ಟೆ ಚೆಕಿಂಗ್ ಮಾಡಿ ಅವರ ಮಂಡಿ ಸವೆದುಹೋಗಿತ್ತು. ಎಲ್ಲರ ಹಾಗೆ ಮುಂದೆ ನೋಡಿಕೊಂಡು ಇಳಿದರೆ ಜೀವ ಹೋದಂತಾಗುತ್ತದೆ ಅನ್ನುತ್ತಿದ್ದರು. ಬಿಲ್ಡಿಂಗಿನವರು ನಗುತ್ತಿದ್ದರು. ಮೊದಮೊದಲು ನಾನೂ ನಕ್ಕಿದ್ದೇನೆ.

ಅವರನ್ನು ಮೊದಲು ಕಂಡದ್ದು ಕಾಡುಗೋಡಿಯಲ್ಲಿ ಅವರು ಬಿಡಬೇಕೆಂದಿದ್ದ ಮನೆಯನ್ನು ನಾನು ಭೋಗ್ಯಕ್ಕೆ ಹಿಡಿಯಲು ಹೋದಾಗ. ಭೋಗ್ಯವೆಂದರೆ ಒಂದೇ ಸಲಕ್ಕೆ ಲಕ್ಷಗಟ್ಟಲೆ ಕೊಟ್ಟು, ಬಾಡಿಗೆಯಿಲ್ಲದೆ ಇದ್ದು, ಬಿಡುವಾಗ ಕೊಟ್ಟಷ್ಟನ್ನೂ ವಾಪಸ್ ಪಡೆಯುವುದು. ಕೇಳುವುದಕ್ಕೆ ಬಲು ಚೆಂದ. ಆದರೆ ಓನರ್ ಆ ದುಡ್ಡನ್ನು ನಮಗಾಗಿ ಕಟ್ಟಿಟ್ಟುಕೊಂಡು ಕೂತಿರುತ್ತಾರೆಯೇ? ಅದು ಆಗಲೇ ಇನ್ನೊಂದು ಮಹಡಿಯಾಗಿ ಎದ್ದಿರುತ್ತದೆ. ಮುಂದಿನವರು ಬಂದು ದುಡ್ಡು ಕೊಟ್ಟರಷ್ಟೇ ಹಿಂದಿನವರಿಗೆ ಬಿಡುಗಡೆ. ಅಕ್ಕನ ಪಾಲಿಗೆ ಆ ಮುಂದಿನವಳು ನಾನಾಗಬೇಕಿತ್ತು.

ನನ್ನದು ವೈಟ್‌ಫೀಲ್ಡಿನ ಒಂದು ಲ್ಯಾಬಿನಲ್ಲಿ ರಕ್ತ ತೆಗೆಯುವ ಕೆಲಸ. ವರ್ಷಗಟ್ಟಲೆ ಕೂಡಿಟ್ಟದ್ದು, ಬಳೆ ಮಾರಿದ್ದು ಎಲ್ಲ ಸೇರಿಸಿ ಏಳು ಲಕ್ಷ ಹೊಂದಿಸಿದ್ದೆ. ಟೋಕನ್ ಹಣ ಬ್ಯಾಗಿನಲ್ಲೇ ಇತ್ತು. ಅಕ್ಕ ಮನೆಯನ್ನು ಗುಡಿಸಿ ಒರೆಸಿ ಥಳಥಳ ಅನ್ನಿಸಿದ್ದರು. ಕಾಫಿ ಕೊಟ್ಟು, ಮಾತಾಡುತ್ತಲೇ ನನ್ನ ಚೂಡಿದಾರದ ತೋಳನ್ನು ಮಗುಚಿ ಒಳಹೊಲಿಗೆ ನೋಡಿದರು. ಎರಡು ಒಗೆತಕ್ಕೆ ಬಿಟ್ಟುಕೊಳ್ಳುತ್ತದೆ, ಹೊಲಿದವನಿಗೆ ಉಗಿಯಬೇಕು ಅಂದರು. ಗುರುತಿಲ್ಲದವರ ಮೈಮೇಲಿನ ಬಟ್ಟೆಗೆ ಕೈಹಾಕುವ ಇದೆಂಥ ಹೆಂಗಸಪ್ಪ ಅಂದುಕೊಂಡೆ. ಮನೆ ಹಿಡಿಸಿದೆ, ಟೋಕನ್ ಯಾರ ಕೈಗೆ ಕೊಡಲಿ ಎಂದು ಕೇಳಿದೆ. ಅಕ್ಕ ಎದ್ದು ಬಾಗಿಲು ಮುಂದೆ ಮಾಡಿಕೊಂಡು ಬಂದು ಕೂತರು.

"ಬೇಡ ಕಣಮ್ಮ. ಈ ಬಿಲ್ಡಿಂಗು ಬ್ಯಾಂಕಲ್ಲಿ ಅಡ ಇದೆ. ಗೇಟಿಗೆ ನೋಟಿಸ್ ಅಂಟಿಸಿದ್ರು, ಗೌಡ್ರು ಕಿತ್ತಾಕಿದ್ರು. ನನ್ನ ತಲೆ ಮೇಲಿರೋದನ್ನ ನಿನ್ನ ತಲೆ ಮೇಲೆ ಇಡೋಕೆ ನಂಗಾಗಲ್ಲ."

ಗೌಡ್ರು ಅಂದರೆ ಓನರ್. ಆ ಊರಿನ ಹಳೆಯ ಬೇಸಾಯಗಾರರ ಮನೆಯವರು. ಒರಟರೇನಲ್ಲ, ಅವರೆಕಾಯಿ ಕಾಲದಲ್ಲಿ ಮನೆಮನೆಗೂ ಕಾಯಿ ಕಳಿಸುತ್ತಿದ್ದರು. ದುಡ್ಡು ಕೇಳಿದರೆ ಮಾತ್ರ ಒಂದೇ ಪಾಠ: "ಪಾರ್ಟಿ ಬರ್ತವ್ರೆ ಅಕ್ಕ, ಮನೆ ಬಗ್ಗೆ ನೀವು ಒಸಿ ಚೆನ್ನಾಗಿ ಏಳಿ. ಅವ್ರು ಕೊಟ್ಟ ದಿನಾನೇ ನಿಮ್ದು ಕೊಟ್ಬಿಡ್ತೀನಿ." ಅಕ್ಕ ಕೆಲಸ ಬಿಟ್ಟಾಗ ಕೈಗೆ ಬಂದದ್ದೆಲ್ಲ ಹೀಗೆ ಗೌಡ್ರ ಬಳಿ ಸಿಕ್ಕಿಕೊಂಡಿತ್ತು. ಅದು ಬಂದರೆ ಹೊಸಕೋಟೆಯಲ್ಲಿ ತಂಗಿಯ ಮನೆ ಪಕ್ಕ ನೆಲಮಟ್ಟದ ಒಂದು ಮನೆ ಹಿಡಿಯಬೇಕು, ಮೆಟ್ಟಿಲಿಲ್ಲದ್ದು. ಅಷ್ಟೇ ಅವರ ಆಸೆ. ನನ್ನ ದುಡ್ಡು ಗೌಡ್ರ ಮನೆಗೆ ನೆಂಟರ ಹಾಗೆ ಹೋಗಿದೆ, ಅಲ್ಲಿ ಊಟ ಚೆನ್ನಾಗಿರಬೇಕು, ಏಳುತ್ತಲೇ ಇಲ್ಲ ಎಂದು ಅಕ್ಕನೇ ನಗುತ್ತಿದ್ದರು. ವಕೀಲರೊಬ್ಬರು ಕೇಸು ಹಾಕಿದರೆ ನಿಮ್ಮ ಆಯಸ್ಸೇ ಸಾಲದು ಅಂದಿದ್ದರಂತೆ.

ಅದೇ ಬಿಲ್ಡಿಂಗಿನ ಟೆರೇಸ್ ರೂಮನ್ನು ನಾನು ಬಾಡಿಗೆಗೆ ಹಿಡಿದೆ. ಅದೂ ಅಕ್ಕನದೇ ಸಲಹೆ. ಬಾಡಿಗೆಯವರ ಅಡ್ವಾನ್ಸ್ ಬರೀ ಐದು ತಿಂಗಳದ್ದು, ಕೊಡದಿದ್ದರೆ ಬಾಡಿಗೆ ಕಟ್ಟದೆ ಇದ್ದು ಮುರಿದುಕೊಳ್ಳಬಹುದು ಎಂದು ಲೆಕ್ಕ ಹೇಳಿಕೊಟ್ಟರು. ಬಾಡಿಗೆಯೇ ಇಲ್ಲದ ಭೋಗ್ಯದವರಿಗೆ ಆ ದಾರಿಯೂ ಇರಲಿಲ್ಲ.

ಮನೆ ನೋಡಲು ಬಂದವರನ್ನೆಲ್ಲ ಅಕ್ಕ ಹೀಗೆಯೇ ಕಳಿಸುತ್ತಿದ್ದರು. ನನಗೆ ರೇಗಿಹೋಗುತ್ತಿತ್ತು. ನೀವೇನು ಇಡೀ ಬೆಂಗಳೂರನ್ನು ಉದ್ಧಾರ ಮಾಡುವ ಗುತ್ತಿಗೆ ತಗೊಂಡಿದ್ದೀರಾ, ಈ ಸಲ ಬಾಯಿ ಮುಚ್ಚಿಕೊಂಡು ಕೂತಿರಿ ಎಂದು ಒಂದು ಸಲ ಗದರಿಸಿ, ಪಕ್ಕದಲ್ಲೇ ಕಾವಲು ಕೂತೆ. ಬಂದದ್ದು ಹೊಸದಾಗಿ ಮದುವೆಯಾದ ಜೋಡಿ. ಅಕ್ಕ ತುಟಿ ಬಿಚ್ಚಲಿಲ್ಲ. ಅವರು ಒಪ್ಪಿಕೊಂಡು, ಟೆರೇಸನ್ನೂ ಒಮ್ಮೆ ನೋಡಿಕೊಂಡು ಹೋಗಿ ಟೋಕನ್ ತರುತ್ತೇವೆಂದು ಹೊರಟರು. ನಾನು ಪಾತ್ರೆಯೆಲ್ಲ ತೊಳೆದಿಟ್ಟು ಬರುವಷ್ಟರಲ್ಲಿ ಅಕ್ಕ ಇರಲಿಲ್ಲ. ಕೆಳಗೆ ಓಡಿದೆ. ಮೂರು ಮಹಡಿಯನ್ನು ಹಿಮ್ಮುಖವಾಗಿ ಇಳಿದು, ಗೇಟಿನಲ್ಲಿ ಅವರ ಬೈಕನ್ನು ತಡೆದು ಎಲ್ಲ ಹೇಳಿ ಮುಗಿಸಿ, ಸಂಪಿನ ಮುಚ್ಚಳದ ಮೇಲೆ ಕೂತಿದ್ದರು. ಮಂಡಿ ಊದಿತ್ತು.

"ಆ ಹುಡುಗಿ ಫೋಟೋಗೆ ಮೊಳೆ ಎಲ್ಲಿ ಹೊಡೀಲಿ ಅಂತ ಗೋಡೆ ನೋಡ್ತಿದ್ಲು ಕಣೇ" ಅಂದರು. "ಬಯ್ಯಬೇಡ, ನಂಗಾಗ್ಲಿಲ್ಲ."

ಸಂಜೆಯವರೆಗೂ ಅವರಿಗೆ ಮೇಲೆ ಹತ್ತಲು ಆಗಲಿಲ್ಲ. ನಾನು ಅಲ್ಲಿಗೇ ಅನ್ನ ತಂದುಕೊಟ್ಟೆ.

ಕಳೆದ ಮಳೆಗಾಲದಲ್ಲಿ ಜ್ವರ ಬಂದು ಆಸ್ಪತ್ರೆ ಸೇರಿದ ಅಕ್ಕ ನಾಲ್ಕೇ ದಿನಕ್ಕೆ ಹೋಗಿಬಿಟ್ಟರು. ಕೊನೆಯ ದಿನವೂ ಯಾರಾದರೂ ಮನೆ ನೋಡಲು ಬಂದಿದ್ದರೇ ಎಂದು ಕೇಳಿದ್ದರು. ಅವರ ತಂಗಿ ದುಡ್ಡು ಕೇಳಿದ್ದಕ್ಕೆ ಗೌಡ್ರು ಅದೇ ಪಾಠ ಒಪ್ಪಿಸಿದರು: ಮುಂದಿನವರು ಬರಲಿ.

ಎರಡು ತಿಂಗಳಿಗೆ ನನ್ನ ಲ್ಯಾಬಿನವರು ಹದಿನೈದು ದಿನದ ಗಡುವು ಕೊಟ್ಟು ನನ್ನನ್ನು ಊರಿನ ಆ ತುದಿಯ ಪೀಣ್ಯಕ್ಕೆ ಹಾಕಿದರು. ಅಡ್ವಾನ್ಸನ್ನು ಇದ್ದು ಮುರಿದುಕೊಳ್ಳಲು ಸಮಯವಿರಲಿಲ್ಲ. ಭೋಗ್ಯಕ್ಕೆಂದು ಇಟ್ಟಿದ್ದ ಹಣ ತಮ್ಮನ ಆಪರೇಷನ್ನಿಗೆ ಕರಗಿತ್ತು. ಗೌಡ್ರ ಹತ್ತಿರ ಹೋದೆ. ಭಾನುವಾರ ಅಕ್ಕನ ಮನೆಗೆ ಪಾರ್ಟಿ ಬರುತ್ತಿದೆ, ನೀವೇ ಬಾಗಿಲು ತೆಗೆದು ತೋರಿಸಿ, ಅವರು ಕೊಟ್ಟದ್ದರಲ್ಲಿ ಮೊದಲು ನಿಮ್ಮದೇ ಎಂದು ಕೀ ಕೊಟ್ಟರು.

ಬಂದವರು ತಾಯಿ, ಮಗಳು. ಮಗಳಿಗೆ ನನ್ನದೇ ವಯಸ್ಸು. ಮನೆಯೆಲ್ಲ ನೋಡಿ, ಮೇಡಂ, ನೀವು ಇಲ್ಲೇ ಇದ್ದವರಲ್ವಾ, ಏನಾದ್ರೂ ತೊಂದರೆ ಇದ್ಯಾ ಎಂದು ಕೇಳಿದಳು. ಅಕ್ಕನ ಋಣ ತೀರಿಸಲು ನನಗೆ ಸಿಕ್ಕ ಒಂದೇ ಅವಕಾಶ ಅದು. ನನಗದು ಆಗಲೇ ಗೊತ್ತಿತ್ತು. ಅಕ್ಕನ ತಂಗಿಗಾದರೂ ದುಡ್ಡು ಸೇರಲಿ ಎಂದು ಮನಸ್ಸಿಗೊಂದು ನೆಪ ಹೇಳಿಕೊಂಡೆ.

"ಚೆನ್ನಾಗಿದೆ" ಅಂದೆ. "ಬೆಳಕು ಚೆನ್ನಾಗಿ ಬರುತ್ತೆ."

ತಾಯಿ, ಮಗಳು ಎರಡೇ ದಿನದಲ್ಲಿ ದುಡ್ಡು ಕಟ್ಟಿದರು. ಅದರಲ್ಲಿ ಅಕ್ಕನ ತಂಗಿಗೆ ಬಿಡಿಗಾಸೂ ಸೇರಲಿಲ್ಲ. ಅದೆಲ್ಲ ಬ್ಯಾಂಕಿಗೆ ಹೋಯಿತು, ಇನ್ನೊಂದು ಪಾರ್ಟಿ ಬರಲಿ ಎಂದು ಗೌಡ್ರು ಅಂದರಂತೆ. ನನ್ನ ಅಡ್ವಾನ್ಸ್ ಮಾತ್ರ ಬುಧವಾರವೇ ಪೂರ್ತಿ ಬಂತು, ಪೇಂಟಿಂಗಿಗೆಂದು ಒಂದು ರೂಪಾಯಿಯನ್ನೂ ಮುರಿಯಲಿಲ್ಲ. ಕೊಡುವಾಗ ಗೌಡ್ರು ಮನಸಾರೆ ಹೊಗಳಿದರು.

"ನೀವು ಅಕ್ಕನಂಗಲ್ಲ ಮೇಡಂ. ಯವಾರ ತಿಳ್ದೋರು."

ನಾನು ಎಣಿಸಿಕೊಂಡು ಬ್ಯಾಗಿಗೆ ಹಾಕಿಕೊಂಡೆ.