ಅಡುಗೆಮನೆ ಲೇಖನಕ್ಕೊಂದು ಫೋಟೋ

ನಮ್ಮ ವಿಶ್ವಕೋಶದ ಕಚೇರಿಯಲ್ಲಿ ಅವಳಿಗೆ ಜರಡಿ ಎಂದು ಹೆಸರಿಟ್ಟವಳು ನಾನೇ. ಲೇಖನಗಳಿಗೆ ಫೋಟೋ ಆರಿಸುವುದು ಅವಳ ಕೆಲಸ. ಎಂಥ ಕಲಾವಿದನದೇ ಇರಲಿ, ತಲೆಬರಹವನ್ನು ಅಂಗೈಯಿಂದ ಮುಚ್ಚಿ, ಎದುರು ಸಿಕ್ಕವರಿಗೆ ತೋರಿಸಿ, "ಇದೇನು ಹೇಳಿ?" ಎನ್ನುತ್ತಿದ್ದಳು. ಸರಿಯಾಗಿ ಹೇಳಿದರೆ ಪಾಸು, ಇಲ್ಲದಿದ್ದರೆ ವಾಪಸ್ಸು. ಮಂಜಿನಲ್ಲಿ ಮುಳುಗಿದ ಸೇತುವೆಯೊಂದನ್ನು ನಾವೆಲ್ಲ ಒಣಗಲು ಹಾಕಿದ ಬಟ್ಟೆ ಎಂದುಬಿಟ್ಟೆವು. ಬಹುಮಾನ ಬಂದ ಫೋಟೋ ಅದು!

"ಗೋಡೆಗೆ ಹಾಕ್ಕೊಳ್ಳೋಕೆ ಚೆನ್ನಾಗಿದೆ ಕಣೇ. ಸೇತುವೆ ನೋಡದೇ ಇರೋರಿಗೆ ಇದ್ರಿಂದ ಏನು ಗೊತ್ತಾಗುತ್ತೆ?" ಎಂದು ತೆಗೆದಿಟ್ಟಳು.

ಕಚೇರಿಯಲ್ಲಿ ಹುಲಿಯಾಗಿದ್ದವಳು ಮನೆಯಲ್ಲಿ ಇಲಿ. ಅಲ್ಲಿ ಮಾವ ಹಾಕಿದ ಗೆರೆ ದಾಟುವಂತಿರಲಿಲ್ಲ. ಹೊಸ್ತಿಲಾಚೆ ಕಾಲಿಡಲು ಅವಳಿಗಿದ್ದದ್ದು ಈ ಕೆಲಸವೊಂದೇ.

ಆ ಮಾವ ನಿವೃತ್ತನಾಗಿ ಕ್ಯಾಮೆರಾ ಹಿಡಿದ. ಒಂದು ದಿನ ಸೊಸೆಯ ಕೈಗೆ ಫೋಟೋ ಇಟ್ಟು, "ಅಡುಗೆಮನೆ ಅನ್ನೋ ಲೇಖನಕ್ಕೆ ಇದು ಬರ್ಬೇಕು, ಕೆಳಗೆ ನನ್ನ ಹೆಸರು ಇರ್ಬೇಕು. ಮನೆಯವರದ್ದೊಂದು ಫೋಟೋ ಹಾಕ್ಸೋಕೂ ಆಗ್ದಿದ್ರೆ ನಿಂಗ್ಯಾಕೆ ಆ ಕೆಲ್ಸ? ಬಿಟ್ಬಿಡು" ಎಂದನಂತೆ.

ಅವಳು ಅದನ್ನು ನನ್ನ ಮೇಜಿಗೆ ತಂದಳು. ಕಪ್ಪು ಬಿಳುಪು ಫೋಟೋ. ಗೋಡೆಯ ತುಂಬ ಕಿಟಕಿ ಕಂಬಿಗಳ ನೆರಳು. ಮೂಲೆಯಲ್ಲಿ ಬೆನ್ನು ತಿರುಗಿಸಿ, ತಲೆ ತಗ್ಗಿಸಿ ನಿಂತ ಒಬ್ಬ ಹೆಂಗಸು. ಒಲೆಯಿಲ್ಲ, ಪಾತ್ರೆಯಿಲ್ಲ. ಸುಳ್ಳೇಕೆ ಹೇಳಲಿ, ಮುದುಕನ ಕೈ ಒಳ್ಳೆಯದೇ.

"ಹಾಕ್ಬಿಡೇ, ಯಾರಪ್ಪನ ಗಂಟು ಹೋಗುತ್ತೆ?" ಎಂದೆ.

ಕೇಳಬೇಕಲ್ಲ! ತಲೆಬರಹ ಮುಚ್ಚಿ, ಲೆಕ್ಕ ಬರೆಯುವ ಮೇಡಂ ಮುಂದೆ ಹಿಡಿದಳು.

"ಜೈಲಲ್ವಾ?" ಎಂದರು ಅವರು. "ಅಯ್ಯೋ ಪಾಪ, ಯಾರಮ್ಮ ಆ ಹೆಂಗ್ಸು?"

"ನಾನು" ಎಂದಳು ಜರಡಿ. ಮೇಡಂ ನಾಲಿಗೆ ಕಚ್ಚಿಕೊಂಡರು.

ಸಂಜೆ ಅವಳು ನನ್ನ ಕೈ ಹಿಡಿದುಕೊಂಡು, "ನೀನೂ ಮನೆಗೆ ಬಾರೇ, ಮಾವಂಗೆ ಒಬ್ಳೇ ಹೇಳೋಕಾಗಲ್ಲ" ಎಂದಳು. ಹೋದೆ. ನಡುಮನೆಯಲ್ಲಿ ಮಾವ ಕಾದು ಕೂತಿದ್ದ. ಪಕ್ಕದಲ್ಲಿ ಅವಳ ಗಂಡ ಮೊಬೈಲು ತೀಡುತ್ತಿದ್ದ.

"ಮಾವ, ಆ ಫೋಟೋ ಲೇಖನಕ್ಕೆ ಆಗಲ್ಲ. ನೋಡಿದೋರು ಜೈಲು ಅಂತಾರೆ" ಎಂದಳು.

ಮುದುಕನ ಮುಖ ಊರಗಲವಾಯಿತು. "ಜೈಲು ಅಂದ್ರಾ? ಕೇಳ್ದೇನೋ ಮಗನೇ! ಅಡುಗೆಮನೇನ ಜೈಲು ಮಾಡಿ ತೋರ್ಸಿದೀನಿ. ಕಲೆ ಅಂದ್ರೆ ಅದೇ ಕಣಮ್ಮ! ಸರಿ ಬಿಡು, ಸೆರೆಮನೆ ಅಂತ ಲೇಖನ ಇರುತ್ತಲ್ಲ, ಅದಕ್ಕೆ ಹಾಕು."

ನನಗೆ ಮೊದಲು ನಗು ಬಂತು. ಮರುಕ್ಷಣ ಜರಡಿಯ ಮುಖ ನೋಡಿ ನಗು ಅಡಗಿತು.

"ಅದಕ್ಕೂ ಆಗಲ್ಲ ಮಾವ" ಎಂದಳು ಜರಡಿ. "ಅದು ಜೈಲಲ್ಲ, ನಮ್ಮನೆ ಅಡುಗೆಮನೆ. ಸುಳ್ಳು ಚಿತ್ರ ನಾನು ಹಾಕಲ್ಲ."

"ಹಾಗಾದ್ರೆ ನಾಳೆಯಿಂದ ಅಲ್ಲೇ ಇರು."

"ರೀ, ನೀವಾದ್ರೂ ಒಂದು ಮಾತು ಹೇಳಿ" ಎಂದು ಅವಳ ಗಂಡನಿಗೆ ಅಂದೆ.

"ಅಪ್ಪ ಹೇಳಿದ್ಮೇಲೆ ಮುಗೀತಲ್ಲ" ಎಂದ ಆ ಮಹಾರಾಯ, ತಲೆ ಕೂಡ ಎತ್ತದೆ.

ಜರಡಿ ಮತ್ತೆ ಕಚೇರಿಗೆ ಬರಲಿಲ್ಲ. ನಾನು ಎರಡು ಸಲ ಮನೆಗೆ ಹೋದೆ, ಎರಡು ಸಲವೂ ಮಾವ ಬಾಗಿಲಲ್ಲೇ ಮಾತಾಡಿಸಿ ಕಳಿಸಿದ. ಅವಳ ಕುರ್ಚಿಗೆ ಬಂದ ಹೊಸಬ ಯಾರನ್ನೂ ಏನನ್ನೂ ಕೇಳುವವನಲ್ಲ. ಮುದುಕ ಫೋಟೋವನ್ನು ನೇರ ಅವನಿಗೇ ಕಳಿಸಿದ್ದನೆಂದು ನನಗೆ ಗೊತ್ತಾದದ್ದು ಸಂಪುಟ ಅಚ್ಚಾಗಿ ಬಂದ ಮೇಲೆ.

ಅಡುಗೆಮನೆ ಲೇಖನಕ್ಕೆ ಫೋಟೋ ಇಲ್ಲ. ನಮ್ಮ ಜರಡಿ ಸೆರೆಮನೆ ಲೇಖನದಲ್ಲಿ, ಬೆನ್ನು ತಿರುಗಿಸಿ ನಿಂತಿದ್ದಾಳೆ. ಕೆಳಗೆ ಮಾವನ ಹೆಸರಿದೆ.