ಶಮಶಾದ್ ಆಪಾರ ಗುಮಾನಿ

ಶಮಶಾದ್ ಆಪಾ ತಮ್ಮ ಬಲಗೈಯನ್ನೇ ನಂಬುತ್ತಿರಲಿಲ್ಲ. ಕೈಗವಸು ತೊಟ್ಟ ಮೇಲೆ ಆ ಕೈ ಎದೆಯ ಮಟ್ಟಕ್ಕೆ ಎತ್ತಿಯೇ ಇರುತ್ತಿತ್ತು. ಬಾಗಿಲು ನೂಕುವುದು ಮೊಣಕೈಯಿಂದ, ನಲ್ಲಿ ತಿರುಗಿಸುವುದೂ ಮೊಣಕೈಯಿಂದ. "ಈ ಕೈ ಎಲ್ಲೆಲ್ಲಿ ಹೋಗಿ ಬಂದೈತಿ ಅಂತ ಇದಕ್ಕ ನೆಪ್ಪ ಇರಂಗಿಲ್ರಿ," ಎನ್ನುತ್ತಿದ್ದರು, ಊರು ಸುತ್ತುವ ಅಳಿಯನ ಬಗ್ಗೆ ಮಾತಾಡಿದ ಹಾಗೆ.

ಸಿದ್ಧೇಶ್ವರ ಗುಡಿಯ ಹಿಂದಿನ ಓಣಿಯ ಹಲ್ಲಿನ ದವಾಖಾನೆಯಲ್ಲಿ, ಹೆಸರು ಬರೆದುಕೊಳ್ಳುವ ಕೌಂಟರಿನಲ್ಲಿ ನಾನು ಕೂರುತ್ತೇನೆ. ಹದಿನಾಲ್ಕು ವರ್ಷವಾಯಿತು. ಆಪಾ ನನಗಿಂತ ಮೊದಲಿನಿಂದ ಇದ್ದವರು. ಡಾಕ್ಟರರ ಪಕ್ಕ ನಿಂತು ಸಾಮಾನು ಕೊಡುವುದು, ತೊಳೆಯುವುದು, ಪೇಷಂಟುಗಳ ಕಾಗದದ ಕಪಾಟು ನೋಡಿಕೊಳ್ಳುವುದು ಅವರ ಕೆಲಸ. ದಿನಾ ಸಾರವಾಡದಿಂದ ಬಸ್ಸಿಗೆ ಬರುವರು. ಬಂದವರೇ ಬಳೆ ತೆಗೆದು ಚೀಲಕ್ಕೆ ಹಾಕಿ, ನಿನ್ನೆ ತಾವೇ ತೊಳೆದಿಟ್ಟ ಸಾಮಾನನ್ನು ಒಂದೊಂದಾಗಿ ಕಿಟಕಿಯ ಬೆಳಕಿಗೆ ಹಿಡಿದು ನೋಡುವರು, ರಾತ್ರಿ ಅವು ಏನೋ ಮಾಡಿವೆ ಎಂಬಂತೆ.

ಒಂದು ಹಳೆಯ ಟ್ರೇ ಇತ್ತು. ಅದಕ್ಕೆ ಅವರು ಇಟ್ಟ ಹೆಸರು ಗುಮಾನಿ ಟ್ರೇ. ಹೊಲಸು ಎಂದು ಗೊತ್ತಾದದ್ದು ಸಿಂಕಿಗೆ, ಶುದ್ಧ ಎಂದು ಗೊತ್ತಾದದ್ದು ಕಪಾಟಿಗೆ, ಎರಡೂ ಗೊತ್ತಿಲ್ಲದ್ದು ಗುಮಾನಿ ಟ್ರೇಗೆ. ಅದೆಲ್ಲ ಮತ್ತೆ ಹಬೆಯ ಮಷೀನಿಗೆ ಹೋಗಬೇಕು. ಮಧ್ಯಾಹ್ನದ ಹೊತ್ತಿಗೆ ಕಪಾಟಿಗಿಂತ ಅದೇ ತುಂಬಿರುತ್ತಿತ್ತು. ಡಾಕ್ಟರರು ಒಮ್ಮೆ ತಮ್ಮ ಪೆನ್ನು ಹುಡುಕಿ ಸಾಕಾಗಿ ಕೇಳಿದರೆ ಅದೂ ಅಲ್ಲೇ ಇತ್ತು. ಯಾರದೋ ಬಾಯಿ ನೋಡುತ್ತಿದ್ದ ಕೈಯಿಂದಲೇ ಅದನ್ನು ಮುಟ್ಟಿದ್ದರಂತೆ.

ಸೂಜಿಗೆ ಮುಚ್ಚಳ ಹಾಕುವಾಗ ಅವರ ಎಡಗೈ ಬೆನ್ನ ಹಿಂದೆ ಇರುತ್ತಿತ್ತು. ಮುಚ್ಚಳವನ್ನು ಮಲಗಿಸಿಟ್ಟು, ಒಂದೇ ಕೈಯಿಂದ ಸೂಜಿಯನ್ನು ಅದರೊಳಗೆ ತೂರಿಸುವರು. ಹೊಸದರಲ್ಲಿ ನಾನು ಸಹಾಯಕ್ಕೆಂದು ಮುಚ್ಚಳ ಹಿಡಿಯಹೋದೆ. "ಬಾಯಾರ, ಹಿಂದ ಸರೀರಿ. ಸೂಜಿಗಿ ನೀವು ಯಾರಂತ ಗೊತ್ತಿಲ್ಲ," ಎಂದರು.

ಮನುಷ್ಯರ ವಿಷಯದಲ್ಲೂ ಇದೇ. ಒಂದು ದಿನ ಇಸ್ತ್ರಿ ಅಂಗಿಯ ದೊಡ್ಡ ಮನುಷ್ಯರೊಬ್ಬರು ಬಂದು, ತಾವು ಒಬ್ಬ ಹುಡುಗಿಯ ಕಾಕಾ ಎಂದು ಹೇಳಿಕೊಂಡು, ನಮ್ಮ ಹುಡುಗಿ ನಿನ್ನೆ ಬಂದಿದ್ದಳಲ್ಲ, ಏನು ಮಾಡಿಸಿಕೊಂಡು ಹೋದಳು ಎಂದು ಕೇಳಿದರು. ನಾನು ರಿಜಿಸ್ಟರು ತೆರೆಯುತ್ತಿದ್ದಂತೆ ಆಪಾ ಎಲ್ಲಿಂದಲೋ ಬಂದು ಅದರ ಮೇಲೆ ಮೊಣಕೈ ಊರಿದರು. ಆ ಹುಡುಗಿಯನ್ನೇ ಕೇಳಿರಿ ಎಂದು ಅವರನ್ನು ಕಳಿಸಿಬಿಟ್ಟರು. ಅವರು ಖರೇ ಕಾಕಾನೇ ಆಗಿದ್ದರು, ಹುಡುಗಿಯ ತಂದೆಯ ತಮ್ಮ. ಸಿಟ್ಟಾಗಿ ಡಾಕ್ಟರರಿಗೆ ಫೋನು ಮಾಡಿದರು, ಡಾಕ್ಟರರು ಆಪಾಗೆ ಬೈದರು. ಆಮೇಲೆ ಆಪಾ ನನಗೆ ಹೇಳಿದ್ದು: "ಕಾಕಾ ಖರೇನ ಇರ್ಲಿ ಬಿಡ್ರಿ. ಕಾಕಾಗ ಹೇಳಬ್ಯಾಡ್ರಿ ಅಂತ ಆ ಹುಡಿಗಿ ಅಂದಿದ್ರ?"

ಇಂಥವರ ಮೇಲೆಯೇ ಗುಮಾನಿ ಬಂದ ಕಥೆಯನ್ನು ನಾನು ಹೇಳಬೇಕು.

ಘೋಣಸಗಿಯ ಒಬ್ಬ ಹುಡುಗಿ ಗಾಡಿಯಿಂದ ಬಿದ್ದು ಮೇಲಿನ ಮುಂದಿನ ಹಲ್ಲು ಕಳಕೊಂಡಿದ್ದಳು. ಹೊಸ ಹಲ್ಲು ಕೂರಿಸಲು ನಮ್ಮಲ್ಲಿ ಅಚ್ಚು ತೆಗೆದಾಗಿತ್ತು. ಸಾರವಾಡದ ಮನೆತನದೊಂದಿಗೆ ಮದುವೆ ಮಾತು ನಡೆದಿತ್ತು. ಹಲ್ಲಿನ ಸಂಗತಿ ಹುಡುಗಿಯ ತಾಯಿಗೆ ಬಿಟ್ಟರೆ ಯಾರಿಗೂ ಗೊತ್ತಿರಲಿಲ್ಲ. ಅಚ್ಚು ತೆಗೆದ ನಾಲ್ಕು ದಿನಕ್ಕೆ ಆ ತಾಯಿ ಒಬ್ಬರೇ ಬಂದರು. ಗಂಡಿನ ಕಡೆಯವರು, ಹಲ್ಲು ಮುಚ್ಚಿಟ್ಟವರು ಇನ್ನೇನು ಮುಚ್ಚಿಟ್ಟಿದ್ದೀರೋ ಎಂದು ಮಾತು ಮುರಿದಿದ್ದರು. ಸುದ್ದಿ ಸಿಕ್ಕಿದ್ದು ಈ ದವಾಖಾನೆಯಲ್ಲೇ ಎಂದೂ ಹೇಳಿದ್ದರು.

"ನನ್ನ ಮಗಳ ಬಾಯಾಗಿನ ಸುದ್ದಿ ಸಾರವಾಡಕ್ಕ ಹೆಂಗ ಹೋತ್ರಿ?" ಎಂದು ಆಕೆ ಆಪಾರನ್ನೇ ನೋಡಿ ಕೇಳಿದರು. "ದಿನಾ ಸಂಜೀಕ ಬಸ್ ಹತ್ತಿ ಹೋಕ್ಕೈತೇನು?"

ಅಂದು ಸಂಜೆ ಡಾಕ್ಟರರು ಆಪಾರಿಂದ ಕಾಗದದ ಕಪಾಟಿನ ಕೀಲಿ ಇಸಕೊಂಡರು. ಇನ್ನೊಂದು ಮಾತು ಬಂದರೆ ಆಪಾರನ್ನು ಮನೆಗೇ ಕಳಿಸುವರು ಎಂಬುದು ನಮ್ಮಿಬ್ಬರಿಗೂ ತಿಳಿಯಿತು.

ಮುಚ್ಚಿಟ್ಟು ಏನು ಮಾಡಲಿ, ನನಗೂ ಗುಮಾನಿ ಬಂತು. ಎಂಟು ದಿನ ಅವರ ಮೇಲೆ ಕಣ್ಣಿಟ್ಟೆ. ಫೋನು ಬಂದರೆ ಯಾರದು ಎಂದು ಕಿವಿಗೊಟ್ಟೆ. ಮನೆಯವರ ಜೊತೆ ಅವರು ತಮ್ಮ ಮನೆಮಾತಿನಲ್ಲಿ ಮಾತಾಡಿದರೆ ನನಗೆ ಅರ್ಧ ತಿಳಿಯುತ್ತಿರಲಿಲ್ಲ. ತಿಳಿಯದ ಅರ್ಧದಲ್ಲೇ ಆ ಹುಡುಗಿಯ ಸುದ್ದಿ ಇದೆ ಎನಿಸುತ್ತಿತ್ತು. ಸಾರವಾಡದವರು, ದಿನಾ ಬಸ್ಸಿನಲ್ಲಿ ನಾಲ್ಕು ಹೆಂಗಸರು ಕೂಡುತ್ತಾರೆ, ಒಂದು ಮಾತು ಜಾರಿರಬಹುದು. ಊಟದ ಹೊತ್ತಿಗೆ ಡಬ್ಬಿ ತೆರೆದು ನನ್ನ ಕಡೆ ಸರಿಸಿದರೆ, ಹೊಟ್ಟೆ ಸರಿಯಿಲ್ಲ ಎಂದು ಹೇಳುತ್ತಿದ್ದೆ.

ಆಪಾ ಮಾತ್ರ ಬೇರೆ ಏನೋ ಮಾಡುತ್ತಿದ್ದರು. ಬೆಳಿಗ್ಗೆ ಪೇಷಂಟುಗಳು ಬರುವ ಮೊದಲು, ಹೊರಗಿನ ಕುರ್ಚಿಗಳಲ್ಲಿ ಒಂದೊಂದರಲ್ಲೇ ಕೂರುವರು. ಅಲ್ಲಿ ಕೂತು ಸುತ್ತ ನೋಡುವರು, ಕಿವಿಯಿಟ್ಟು ಕೇಳುವರು. ದಿನಕ್ಕೊಂದು ಕುರ್ಚಿ. ಮೊಣಕಾಲು ನೋವಿಗೆ ಕೂತಿದ್ದಾರೆ ಎಂದುಕೊಂಡೆ. ಕಿಟಕಿ ಪಕ್ಕದ ಕುರ್ಚಿಯ ಪಾಳಿ ಬಂದ ದಿನ ಕೂತವರು ಬಹಳ ಹೊತ್ತು ಏಳಲಿಲ್ಲ. ಆಮೇಲೆ ಎದ್ದು ಬಂದು, ನನ್ನ ಬೆನ್ನ ಹಿಂದಿನ ಶೆಲ್ಫಿನಲ್ಲಿದ್ದ ಡಬ್ಬಿಗಳನ್ನು ಒಂದೊಂದಾಗಿ ಗೋಡೆಗೆ ಮುಖವಾಗಿ ತಿರುಗಿಸಿಟ್ಟರು. ನನ್ನ ಕಡೆ ನೋಡದೆ ಒಳಗೆ ಹೋದರು.

ಅವು ಲ್ಯಾಬಿಗೆ ಹೋಗಬೇಕಾದ ಅಚ್ಚಿನ ಡಬ್ಬಿಗಳು. ಮೇಲೆ ಚೀಟಿ ಬರೆದು ಅಂಟಿಸುವವಳು ನಾನು. ಹಿಂದೊಮ್ಮೆ ಒಂದೇ ಹೆಸರಿನ ಇಬ್ಬರ ಅಚ್ಚು ಅದಲುಬದಲಾಗಿ, ಟಿಕೋಟಾದ ಅಜ್ಜ ಒಬ್ಬರು ಬೇರೆಯವರ ಹಲ್ಲು ಹಾಕಿಕೊಂಡು ಹದಿನೈದು ದಿನ ರೊಟ್ಟಿ ತಿನ್ನಲು ಒದ್ದಾಡಿದ್ದರು. ಅಂದಿನಿಂದ ನಾನು ಒಂದೂ ಬಿಡದೆ ಬರೆಯುತ್ತಿದ್ದೆ: ಹೆಸರು, ತಂದೆಯ ಹೆಸರು, ಊರು, ಯಾವ ಹಲ್ಲು. ದಪ್ಪ ಪೆನ್ನಿನಲ್ಲಿ, ದುಂಡಗೆ. ನನ್ನ ಅಕ್ಷರ ಚೆಂದ ಎಂದು ಎಲ್ಲರೂ ಹೇಳುತ್ತಿದ್ದರು.

ಹೋಗಿ ಆ ಕುರ್ಚಿಯಲ್ಲಿ ಕೂತೆ. ಒಂದು ಡಬ್ಬಿಯನ್ನು ಮುಂದಕ್ಕೆ ತಿರುಗಿಸಿಟ್ಟಿದ್ದೆ. ಕನ್ನಡಕವಿಲ್ಲದೆ ಹೆಸರಿನಿಂದ ಹಿಡಿದು ಯಾವ ಹಲ್ಲು ಎಂಬುದರ ತನಕ ಓದಿದೆ. ಸಾರವಾಡದವರು ಯಾರೋ ಇಲ್ಲಿ ಕೂತು ಹೋಗಿದ್ದರೆ ಅಷ್ಟೇ ಸಾಕಿತ್ತು.

ಹೇಳಲು ನನಗೆ ಎರಡು ದಿನ ಬೇಕಾಯಿತು. ಮೂರನೆಯ ದಿನ ಡಾಕ್ಟರರ ಮುಂದೆ ನಿಂತು ಹೇಳಿದೆ. ಅವರು ಬಹಳ ಹೊತ್ತು ಟೇಬಲ್ಲಿನ ಕಾಗದ ಸರಿಮಾಡಿ, ಆಪಾರನ್ನು ಕರೆದು ಕೀಲಿ ಕೈಗೆ ಕೊಟ್ಟರು. ತಪ್ಪಾಯಿತು ಎಂದರು. ಹೊರಗೆ ಬಂದ ಮೇಲೆ ನಾನು ಆಪಾರನ್ನು ಕೇಳಿದೆ, ಮೊದಲೇ ಗೊತ್ತಿದ್ದೂ ನೀವು ಯಾಕೆ ಹೇಳಲಿಲ್ಲ?

"ನೀವು ಹೇಳ್ತೀರೋ ಇಲ್ಲೋ ಅಂತ ಗುಮಾನಿ ಇತ್ರಿ," ಎಂದರು. "ಅದಕ್ಕ ಎರಡ ದಿನಾ ಬಿಟ್ಟೆ. ಇವತ್ತ ಸಂಜೀಕ ನಾನ ಹೇಳಾಕಿದ್ದೆ."

ಘೋಣಸಗಿಗೆ ಹೋಗಿ ತಾಯಿಯ ಕಾಲು ಹಿಡಿಯುತ್ತೇನೆ ಎಂದೆ. ಆಪಾ ಬೇಡವೆಂದರು. ಹಲ್ಲಿನ ದವಾಖಾನೆಯವರು ಆ ಓಣಿಗೆ ಬಂದದ್ದನ್ನು ಕಂಡರೆ ಗೊತ್ತಿಲ್ಲದವರಿಗೂ ಗೊತ್ತಾಗುತ್ತದೆ, ಅವರೇ ಬಂದಾಗ ಒಳಗೆ ಕರೆದು ಹೇಳಿರಿ ಎಂದರು. ಹಲ್ಲು ಕೂರಿಸಲು ಬಂದ ದಿನ ಹೇಳಿದೆ. ಆ ತಾಯಿ ನನ್ನನ್ನು ಬೈಯಲಿಲ್ಲ, ಕ್ಷಮಿಸಲೂ ಇಲ್ಲ. "ಮುರದದ್ದ ಮುರೀತು. ಆ ಆಪಾಗ ನಾ ಆಡಿದ್ದ ಮಾತ ಹಿಂದಕ್ಕ ತಗೋಬೇಕು, ಕರೀರಿ," ಎಂದರು ಅಷ್ಟೇ. ಮಗಳು ಪಕ್ಕದಲ್ಲಿ ಹೊಸ ಹಲ್ಲನ್ನು ನಾಲಿಗೆಯಿಂದ ಮುಟ್ಟಿ ಮುಟ್ಟಿ ನೋಡುತ್ತಿದ್ದಳು. ಅವಳ ಕಡೆ ನೋಡಲು ನನಗೆ ಆಗಲಿಲ್ಲ.

ಈಗ ಡಬ್ಬಿಯ ಮೇಲೆ ಬರೀ ನಂಬರು. ಹೆಸರಿನ ಪಟ್ಟಿ ಕಾಗದದ ಕಪಾಟಿನೊಳಗೆ.

ಹೋದ ವರ್ಷ ಆಪಾ ಕೆಲಸ ಬಿಟ್ಟರು. ಮೊಣಕಾಲು ನಿಲ್ಲಗೊಡಲಿಲ್ಲ. ಮೊನ್ನೆ ಬಬಲೇಶ್ವರಕ್ಕೆ ಸಂಬಂಧಿಕರ ಮನೆಗೆ ಹೋದವಳು ಬಸ್ ಸ್ಟ್ಯಾಂಡಿನಲ್ಲಿ ಅವರನ್ನು ಕಂಡೆ. ಬುರ್ಖಾ ತೊಟ್ಟಿದ್ದರು, ಕಾಲ ಬಳಿ ದೊಡ್ಡ ಕಾಯಿಪಲ್ಯದ ಚೀಲ. ದವಾಖಾನೆಯ ಸುದ್ದಿ ಕೇಳಿದರು, ನಾನು ಏನೋ ಹೇಳಿದೆ, ನಕ್ಕರು. ಕೆಳಗಿನ ಸಾಲಿನಲ್ಲಿ ವರ್ಷಗಟ್ಟಲೆ ಖಾಲಿ ಇದ್ದ ಜಾಗದಲ್ಲಿ ಮೂರು ಹೊಸ ಹಲ್ಲು. ಒಳ್ಳೆಯ ಕೆಲಸ, ಬಣ್ಣವೂ ಕೂಡಿತ್ತು. ನಮ್ಮಲ್ಲಿ ಮಾಡಿಸಿದ್ದಲ್ಲ. ಇಷ್ಟು ವರ್ಷ ದುಡಿದ ಜಾಗ ಬಿಟ್ಟು ಎಲ್ಲಿಗೆ ಹೋದರು, ಯಾಕೆ ಹೋದರು? ಕೇಳಲು ಬಾಯಿ ತೆರೆದೆ. ಸುತ್ತ ಬಸ್ಸಿಗೆ ಕಾಯುವ ಮಂದಿ ನಿಂತಿದ್ದರು. ಹಲ್ಲಿನ ಮಾತು ಅಲ್ಲೇ ಬಿಟ್ಟೆ.

"ಮೊಣಕಾಲು ಹೆಂಗದಾವ್ರಿ ಆಪಾ?" ಎಂದೆ.

ಅವರು ನನ್ನ ಮುಖವನ್ನೇ ನೋಡಿದರು, ಒಂದು ಸಾಮಾನನ್ನು ಬೆಳಕಿಗೆ ಹಿಡಿದಷ್ಟು ಹೊತ್ತು. ಸಾರವಾಡದ ಕಡೆಯ ಬಸ್ಸು ಬಂದು ನಿಂತಿತು. ಚೀಲ ಎತ್ತಿಕೊಂಡರು.

"ಮೊಣಕಾಲಿನ ಸುದ್ದಿ ಎಷ್ಟ ಬೇಕಾರ ಕೇಳ್ರಿ, ಬಾಯಾರ."