ಅರ್ಧ ಬೀಸಿದ ರಾಗಿ

ನೀವು ನಂಬುವುದಿಲ್ಲ. ಪರವಾಗಿಲ್ಲ, ಈ ಅಂಕಣ ಓದುವವರಲ್ಲಿ ಅರ್ಧ ಜನ ನನ್ನನ್ನು ಮೊದಲಿಂದಲೂ ನಂಬಿಲ್ಲ. ಆದರೂ ಕೇಳಿ. ಹೋದ ಶನಿವಾರ ಹೆಬ್ಬಗೋಡಿಯಲ್ಲಿ ಒಂದು ಹಿಟ್ಟಿನ ಮಿಲ್ಲು ಒಬ್ಬ ಹೆಂಗಸಿನ ಮುಖ ನೋಡಿ ನಿಂತುಹೋಯಿತು. ಕರೆಂಟ್ ಇತ್ತು. ಬೆಲ್ಟ್ ಸರಿಯಿತ್ತು. ಹೊಟ್ಟೆ ತುಂಬ ರಾಗಿಯೂ ಇತ್ತು.

ಮಿಲ್ಲು ನಮ್ಮ ದೊಡ್ಡಪ್ಪನದು. ಹಳೇ ಊರಿನ ಮನುಷ್ಯ, ಭಾರೀ ಮೀಸೆ. (ಆ ಮೀಸೆಗೆ ಬೇರೆ ಆಧಾರ್ ಕಾರ್ಡ್ ಮಾಡಿಸಬಹುದು.) ಆ ಶನಿವಾರಕ್ಕೆ ಮೂರು ದಿನ ಮೊದಲಷ್ಟೇ ಹೊಸ ಮೆಷಿನ್ ತಂದು ಹೋಮ ಮಾಡಿಸಿದ್ದರು. ನಾನು ಎರಡು ಲಾಡು ತಿಂದೆ. (ಸರಿ, ಏಳು.) ಮಾರನೇ ದಿನ ದೇವರ ಫೋಟೋ ಪಕ್ಕ ಒಂದು ರಟ್ಟಿನ ಬೋರ್ಡ್ ನೇತಾಡುತ್ತಿತ್ತು: ‘ನಮ್ಮ ಧರ್ಮದವರ ಧಾನ್ಯ ಮಾತ್ರ ಬೀಸಲಾಗುವುದು.’

ಆದರೆ ಮಿಲ್ಲಿನಲ್ಲಿ ಕ್ಯೂ ನಿಲ್ಲುವುದು ಮನುಷ್ಯರಲ್ಲ, ಡಬ್ಬಗಳು. ಸಾಲಿನಲ್ಲಿ ಡಬ್ಬ ಇಟ್ಟು ಎಲ್ಲರೂ ತರಕಾರಿಗೋ ಹಾಲಿಗೋ ಹೋಗಿಬಿಡುತ್ತಾರೆ. ಡಬ್ಬದ ಮೇಲೆ ಧರ್ಮ ಬರೆದಿರುತ್ತದೆಯೇ? ಹೆಚ್ಚೆಂದರೆ ಪೇಂಟ್ ಕಂಪನಿಯ ಹೆಸರಿರುತ್ತದೆ. ದೊಡ್ಡಪ್ಪ ಸಾಲಿನ ಪ್ರಕಾರ ನೀಲಿ ಡಬ್ಬ ಎತ್ತಿ ಮೆಷಿನ್‌ಗೆ ಸುರಿದರು. ಅರ್ಧ ಬೀಸಿರಬೇಕು, ಕೊತ್ತಂಬರಿ ಕಟ್ಟು ಹಿಡಿದು ಶಾಹೀನಕ್ಕ ಬಂದರು.

ಶಾಹೀನಕ್ಕ ನಮ್ಮ ಹಿಂದಿನ ಬೀದಿಯವರು. ಮನೆಯಲ್ಲೇ ಮುದ್ದೆ ಊಟ ಮಾಡಿ ಫ್ಯಾಕ್ಟರಿಗಳಿಗೆ ಕಳಿಸುತ್ತಾರೆ. ಸೋಮವಾರದಿಂದ ಒಂದು ಗಾರ್ಮೆಂಟ್ಸ್‌ಗೆ ನಲವತ್ತು ಊಟ ಒಪ್ಪಿಕೊಂಡಿದ್ದರು. ಮೊದಲ ದಿನವೇ ಮುದ್ದೆ ತಪ್ಪಿದರೆ ಆ ಆರ್ಡರ್ ಹೋದಂತೆ.

“ಅಣ್ಣ, ನಂದು ಸ್ವಲ್ಪ ನೈಸಾಗ್ ಬೀಸಿ,” ಅಂದರು.

ದೊಡ್ಡಪ್ಪ ಸ್ವಿಚ್ ಆಫ್ ಮಾಡಿದರು. “ಇದು ನಿನ್ ಡಬ್ಬಾನೇನಮ್ಮ? ಬೋಲ್ಡು ನೋಡ್ನಿಲ್ವಾ?”

“ಆರು ವರ್ಷ ನೀವೇ ಬೀಸ್ಕೊಟ್ರಲ್ಲ ಅಣ್ಣ?”

“ಅದು ಅಳೇ ಮೆಷಿನ್ನು. ಅದ್ಕೆ ಓಮ ಮಾಡ್ಸಿರ್ನಿಲ್ಲ.”

ಅಂದವರೇ ಉಳಿದ ರಾಗಿಯನ್ನು ಮೊಗೆದು ಅವರ ಡಬ್ಬಕ್ಕೆ ವಾಪಸ್ ಸುರಿದರು. ಕೆಳಗೆ ಹಿಟ್ಟು, ಮೇಲೆ ಕಾಳು! ಸಾಲಿನಲ್ಲಿ ಮುಂದಿನ ಡಬ್ಬ ಗೌರಮ್ಮಜ್ಜಿಯದು. ಅಜ್ಜಿಗೆ ರೇಗಿತು. “ಅವಳ್ದು ಮುಗ್ಸೋ ಮಾರಾಯ! ಕರೆಂಟ್ ಹೋದ್ರೆ ನಿನ್ ಮೀಸೇಲಿ ಬೀಸ್ತೀಯಾ?”

ಇಡೀ ಹೆಬ್ಬಗೋಡಿ ನಕ್ಕಿತು. (ನಾಲ್ಕು ಜನ.) ಆ ಧೈರ್ಯದ ಮೇಲೆ ನಾನು ಎಂಟ್ರಿ ಕೊಟ್ಟೆ. “ದೊಡ್ಡಪ್ಪ, ಧರ್ಮ ನೋಡಿ ಯಾರನ್ನೂ ಅಂಗಡಿಯಿಂದ ಹೊರಗಿಡೋ ಹಾಗಿಲ್ಲ. ಸಂವಿಧಾನದ ಹದಿನೈದನೇ ವಿಧಿ!”

“ನನ್ ಮಿಲ್ಲು, ನನ್ ದ್ಯಾವ್ರು. ನನ್ ಧರ್ಮ ಪಾಲ್ಸಕ್ಕೆ ನಂಗೆ ಸ್ವಾತಂತ್ರ್ಯ ಇಲ್ವಾ?”

“ಇದೆ. ಅದು ಇಪ್ಪತ್ತೈದನೇ ವಿಧಿ.”

“ನಿನ್ ಎಕ್ಸಾಮು ಕಾಲೇಜಲ್ ಬರ್ಕೋ ಓಗು.”

ನನಗೆ ಮೈ ಉರಿಯಿತು. ಈಗಲೂ ಉರಿಯುತ್ತಿದೆ. ದೊಡ್ಡಪ್ಪ ಮೆಷಿನ್‌ಗೆ ದಿನಕ್ಕೆ ಮೂರು ಹೊತ್ತು ಆರತಿ ಎತ್ತಲಿ. ತಡೆಯಲು ಬಂದವರ ಜೊತೆ ನಾನೇ ಜಗಳಕ್ಕೆ ನಿಲ್ಲುತ್ತೇನೆ. ಆದರೆ ಬೀದಿಗೆ ಬಾಗಿಲು ತೆರೆದು ಊರಿಗೆಲ್ಲ ‘ಬನ್ನಿ’ ಎಂದ ಮೇಲೆ, ಅವರ ಮಡಿಗೆ ಶಾಹೀನಕ್ಕನ ನಲವತ್ತು ಊಟ ಯಾಕೆ ಬಲಿಯಾಗಬೇಕು? ಮಡಿ ಎಂಬುದಾದರೂ ಎಲ್ಲಿದೆ? ಒಬ್ಬರ ಹಿಟ್ಟು ಒಂದು ಹಿಡಿ ಮೆಷಿನ್‌ನಲ್ಲೇ ಉಳಿದು ಮುಂದಿನವರ ಡಬ್ಬಕ್ಕೆ ಬೀಳುವುದು ಮಿಲ್ಲಿನ ಗುಣ. ಆರು ವರ್ಷ ನಾವೆಲ್ಲ ಶಾಹೀನಕ್ಕನ ರಾಗಿ ತಿಂದಿದ್ದೇವೆ. ಯಾರ ಧರ್ಮಕ್ಕೆ ಅಜೀರ್ಣವಾಯಿತು?

ಇದನ್ನೆಲ್ಲ ಜೋರಾಗಿ ಹೇಳುತ್ತಿರುವಾಗಲೇ ಅಪ್ಪ ಬಂದರು.

ನನ್ನ ಕೇಸ್ ಗೆದ್ದಿತು ಅಂದುಕೊಂಡೆ. ಅಪ್ಪ ಎಲೆಕ್ಟ್ರಾನಿಕ್ ಸಿಟಿಯ ಕಂಪನಿಯೊಂದರಲ್ಲಿ ಸೂಪರ್‌ವೈಸರ್. ಹೊಸಬರಿಗೆ ‘ಇಲ್ಲಿ ಎಲ್ಲರೂ ಸಮಾನರು’ ಎಂದು ಟ್ರೇನಿಂಗ್ ಕೊಡುವುದೇ ಅವರು. ಅಪ್ಪ ಬೋರ್ಡ್ ನೋಡಿದರು. ಅಣ್ಣನ ಮುಖ ನೋಡಿದರು. ನನಗೆ “ಮನೆಗ್ ನಡಿ” ಅಂದರು.

ಆಮೇಲೆ ಶಾಹೀನಕ್ಕನ ಕಡೆ ತಿರುಗಿ, ಬೆಣ್ಣೆಯಂಥ ದನಿಯಲ್ಲಿ, “ಬೇಜಾರ್ ಮಾಡ್ಕೋಬೇಡಮ್ಮ. ಸಿಂಗಸಂದ್ರದಲ್ಲಿ ಇನ್ನೊಂದ್ ಮಿಲ್ ಇದೆ” ಅಂದರು.

ಶಾಹೀನಕ್ಕ “ಇಲ್ಲ ಅಣ್ಣ, ಬೇಜಾರೇನಿಲ್ಲ” ಎನ್ನುತ್ತಾ ಡಬ್ಬ ಎತ್ತಿ ಸೊಂಟಕ್ಕಿಟ್ಟುಕೊಂಡು ಬಸ್ ಸ್ಟಾಪ್ ಕಡೆ ನಡೆದರು.

ಬೇಜಾರು ಮಾಡಿಕೊಳ್ಳದೇ ಇರುವ ಡ್ಯೂಟಿ ಪ್ರತಿ ಸಲ ಅವರಿಗೇ ಯಾಕೆ ಬೀಳುತ್ತದೆ?